ಒಬ್ಬ ಮೆಂಬರ್ ಕೈಲಿ ಏನಾಗುತ್ತೆ ಅನ್ನುವವರಿಗೆ

ಗ್ರಾಮ ಪಂಚಾಯ್ತಿ ಚುನಾವಣೆ ಹತ್ತಿರ ಬಂತೆಂದರೆ ನನಗೆ ಇದೇ ಮಾತು ಕೇಳಿಸುತ್ತದೆ. "ಮೇಡಂ, ನಿಲ್ಲಬೇಕು ಅಂತ ಆಸೆ ಏನೋ ಇದೆ. ಆದ್ರೆ ಒಬ್ಬ ಮೆಂಬರ್ ಕೈಲಿ ಏನಾಗುತ್ತೆ? ಎಲ್ಲಾ ಅಧ್ಯಕ್ಷರು, ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಸೇರಿ ಮಾಡ್ಕೊಳ್ತಾರೆ." ಹೀಗೆ ಹೇಳುವವರು ಸಾಮಾನ್ಯವಾಗಿ ಒಳ್ಳೆಯವರು. ಸ್ತ್ರೀಶಕ್ತಿ ಸಂಘ ನಡೆಸಿದವರು, ಹಾಲಿನ ಡೈರಿಯಲ್ಲಿ ಲೆಕ್ಕ ಬರೆದವರು. ಇವರು ಹಿಂದೆ ಸರಿದರೆ ಸೀಟೇನೂ ಖಾಲಿ ಉಳಿಯುವುದಿಲ್ಲ. ಹೊಸ ಸದಸ್ಯರಿಗೆ ತರಬೇತಿ ಕೊಡುವ ಕೆಲಸ ನನ್ನದು, ಹಾಗಾಗಿ ಈ ಮಾತು ಕೇಳಿದರೆ ನನಗೆ ಸಂಕಟವಾಗುತ್ತದೆ.

ಅವರ ಮಾತು ಅರ್ಧ ನಿಜ. ಒಬ್ಬ ಸದಸ್ಯ ತಾನಾಗಿ ಒಂದು ಬೀದಿ ದೀಪವನ್ನೂ ಮಂಜೂರು ಮಾಡುವಂತಿಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆ ಅಧಿಕಾರ ಕೊಟ್ಟಿರುವುದು ಪಂಚಾಯ್ತಿಗೆ, ಅಂದರೆ ಎಲ್ಲ ಸದಸ್ಯರೂ ಸೇರಿದ ಸಭೆಗೆ. ಆ ಸಭೆಯಲ್ಲಿ ನಿಮಗೊಂದು ಮತ ಇದೆ. ಅಧ್ಯಕ್ಷರ ಮತದಷ್ಟೇ ಅದಕ್ಕೂ ಬೆಲೆ. ಎರಡೂ ಕಡೆ ಸಮ ಬಂದಾಗ ಮಾತ್ರ ಅವರಿಗೆ ಇನ್ನೊಂದು ಮತ. ಪಿಡಿಒಗೆ ಮತವೇ ಇಲ್ಲ.

ಇಷ್ಟು ಹೇಳಿದರೆ ಎಲ್ಲರೂ ತಲೆ ಆಡಿಸುತ್ತಾರೆ. ಆದರೆ ಸಭೆಯಲ್ಲಿ ಆಡಿದ ಮಾತು ನಡಾವಳಿ ಪುಸ್ತಕದಲ್ಲಿ ಬರೆದಿಲ್ಲ ಅಂದರೆ ಅದನ್ನು ಆಡಿದ್ದಕ್ಕೆ ಸಾಕ್ಷಿಯೇ ಇಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಕೂಗಾಡಿ, ಮೇಜು ಗುದ್ದಿ ಬಂದವರು "ಇವತ್ತು ಸರಿಯಾಗಿ ಕೇಳಿದೆ" ಅಂತ ಸಮಾಧಾನ ಪಡುತ್ತಾರೆ. ಪುಸ್ತಕ ತೆಗೆದು ನೋಡಿದರೆ "ಕುಡಿಯುವ ನೀರಿನ ಬಗ್ಗೆ ಚರ್ಚಿಸಲಾಯಿತು" ಅನ್ನುವ ಒಂದೇ ಸಾಲು. ಯಾವ ಬೀದಿ, ಯಾವ ಬೋರು, ಯಾವ ಅನುದಾನ, ಯಾರಿಗೆ ಹೊಣೆ, ಒಂದೂ ಇಲ್ಲ. ಆ ಸಾಲನ್ನು ಹಿಡಿದುಕೊಂಡು ನಾಳೆ ಯಾರನ್ನು ಕೇಳುತ್ತೀರಿ?

ಒಬ್ಬ ಸದಸ್ಯೆಯ ವಿಷಯ ಹೇಳುತ್ತೇನೆ. ಅವರ ಕಾಲೋನಿಯ ಬೋರಿನ ಮೋಟಾರು ಸುಟ್ಟು ಬಹಳ ದಿನ ಆಗಿತ್ತು. ಸಿಸ್ಟನ್ ಟ್ಯಾಂಕು ಒಣಗಿ, ಹೆಂಗಸರು ತೋಟದ ಪಂಪ್‌ಸೆಟ್ಟಿನಿಂದ ನೀರು ಹೊರುತ್ತಿದ್ದರು. "ಪ್ರತಿ ಮೀಟಿಂಗಲ್ಲೂ ಹೇಳ್ತೀನಿ ಮೇಡಂ, ಹ್ಞೂಂ ಅಂತಾರೆ, ಅಷ್ಟೇ" ಅಂದರು. ಬರೆದು ಕೊಟ್ಟಿದ್ದೀರಾ ಅಂತ ಕೇಳಿದೆ. ಇಲ್ಲ. ಮುಂದಿನ ಸಭೆಗೆ ಮುಂಚೆಯೇ ಅರ್ಧ ಪುಟದ ಪತ್ರ ಕೊಟ್ಟು, ಪ್ರತಿಯ ಮೇಲೆ ಪಂಚಾಯ್ತಿ ಸೀಲು ಹಾಕಿಸಿಕೊಂಡರು. ಸಭೆಯಲ್ಲಿ ಅದನ್ನು ಓದಿಸಿದರು. ನಿರ್ಣಯ ಬರೆದು ಮುಗಿಯುವವರೆಗೆ ಕುರ್ಚಿ ಬಿಟ್ಟು ಏಳಲಿಲ್ಲ. ಕಾರ್ಯದರ್ಶಿ "ಆಮೇಲೆ ಬರ್ಕೋತೀನಿ ಅಕ್ಕ" ಅಂದಾಗ "ಪರವಾಗಿಲ್ಲ, ಈಗ್ಲೇ ಬರೀರಿ, ಕಾಯ್ತೀನಿ" ಅಂದರಂತೆ. ಮೋಟಾರು ಬಂತು. ಎಲ್ಲ ಕಡೆ ಹೀಗೇ ಆಗುತ್ತದೆ ಅಂತ ನಾನು ಭರವಸೆ ಕೊಡಲಾರೆ. ದುಡ್ಡಿಲ್ಲದೆ ಹೋಗಬಹುದು, ತಾಂತ್ರಿಕ ಮಂಜೂರಾತಿ ತಡವಾಗಬಹುದು. ಆದರೆ ಯಾಕೆ ಆಗಲಿಲ್ಲ ಅಂತ ಕೇಳಲು ಕೈಯಲ್ಲಿ ಕಾಗದ ಇರುತ್ತದೆ ಅಲ್ವಾ?

ಹಾಗೆಯೇ, ಒಪ್ಪದ ನಿರ್ಣಯಕ್ಕೆ ನಿಮ್ಮ ವಿರೋಧವನ್ನು ಬರೆಸಿ. ಖಾಲಿ ಹಾಳೆಗೆ ಸಹಿ ಹಾಕಬೇಡಿ. ಮನೆಗೆ ಪುಸ್ತಕ ಕಳಿಸಿ ಸಹಿ ಹಾಕಿಸಿಕೊಳ್ಳಲು ಬಂದರೆ, ಸಭೆಯಲ್ಲೇ ಹಾಕುತ್ತೇನೆ ಅನ್ನಿ. ಕರ್ನಾಟಕದಲ್ಲಿ ಅರ್ಧದಷ್ಟು ಸೀಟು ಮಹಿಳೆಯರಿಗೆ ಮೀಸಲು. ಆದರೂ ಗೆದ್ದವರ ಬದಲು ಗಂಡನೋ ಮೈದುನನೋ ಸಭೆಯಲ್ಲಿ ಬಂದು ಕೂರುವುದನ್ನು ಇವತ್ತಿಗೂ ನೋಡುತ್ತೇವೆ. ಅವರಿಗೆ ಅಲ್ಲಿ ಜಾಗವಿಲ್ಲ. ಊರವರು ಮತ ಹಾಕಿದ್ದು ನಿಮಗೆ, ತಾಯಿ.

ಇನ್ನು ಮನೆ ಹಂಚಿಕೆ. ವಸತಿ ಯೋಜನೆಗಳ ಫಲಾನುಭವಿಗಳನ್ನು ಗ್ರಾಮಸಭೆಯಲ್ಲಿ ಆರಿಸಬೇಕು. ವಾರ್ಡಿನಲ್ಲಿ ಯಾರ ಮಾಳಿಗೆ ಸೋರುತ್ತದೆ, ಯಾವ ವಿಧವೆ ಮಗಳ ಮನೆಯಲ್ಲಿ ಮುದುಡಿಕೊಂಡು ಇದ್ದಾಳೆ ಅನ್ನುವುದು ತಾಲ್ಲೂಕು ಕಚೇರಿಗೆ ಗೊತ್ತಿರಲ್ಲ, ನಿಮಗೆ ಗೊತ್ತು. ಸುಮಾರು 400 ಜನಕ್ಕೊಬ್ಬ ಸದಸ್ಯ ಅಂತ ಕಾಯ್ದೆ ಇಟ್ಟಿದೆ. ಅಷ್ಟು ಜನರನ್ನು ಹೆಸರು ಹಿಡಿದು ಕರೆಯುವಷ್ಟು ಹತ್ತಿರದಲ್ಲಿರುವ ಜನಪ್ರತಿನಿಧಿ ನಮ್ಮಲ್ಲಿ ಬೇರೆ ಯಾರೂ ಇಲ್ಲ. ನಾನು ಜನರಿಗೆ ನಿಲ್ಲಿ ಅಂತ ಹೇಳುವುದು ಇದಕ್ಕೇ. ಗೌರವಧನಕ್ಕಾಗಿ ನಿಲ್ಲುವಷ್ಟು ಅದು ದೊಡ್ಡದಲ್ಲ. ಕಾಂಟ್ರಾಕ್ಟ್ ಮಾಡಬಹುದು ಅನ್ನುವ ಲೆಕ್ಕಾಚಾರ ಇದ್ದರೆ ದಯವಿಟ್ಟು ಬರಬೇಡಿ. ಪಂಚಾಯ್ತಿ ಕೆಲಸದಲ್ಲಿ ಪಾಲು ಇದ್ದರೆ ಸದಸ್ಯತ್ವಕ್ಕೇ ಕುತ್ತು ಬರಬಹುದು.

ನಿಲ್ಲುವ ಮನಸ್ಸಿದ್ದರೆ ನಾಮಪತ್ರಕ್ಕೆ ಮುಂಚೆ ಒಂದು ಕೆಲಸ ಮಾಡಿ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಹಿಂದಿನ ಒಂದು ವರ್ಷದ ನಡಾವಳಿಯ ನಕಲು ತೆಗೆದುಕೊಂಡು ಓದಿ. ನಿಮ್ಮ ವಾರ್ಡಿನ ಹೆಸರು ಎಷ್ಟು ಸಲ ಬಂದಿದೆ ನೋಡಿ. 21 ವರ್ಷ ತುಂಬಿರಬೇಕು, ಆ ಪಂಚಾಯ್ತಿಯ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ವಾರ್ಡಿನ ಮೀಸಲಾತಿ, ಕಂದಾಯ ಬಾಕಿ, ಇತರ ಅನರ್ಹತೆಗಳ ಬಗ್ಗೆ ನನ್ನ ಮಾತನ್ನೂ ನಂಬಿ ಕೂರಬೇಡಿ. ಕಾಯ್ದೆಗೆ ತಿದ್ದುಪಡಿ ಆಗುತ್ತಲೇ ಇರುತ್ತದೆ, ಚುನಾವಣಾಧಿಕಾರಿಯ ಹತ್ತಿರವೇ ಹೋಗಿ ಕೇಳಿ.