ಆರ್‌ಎಕ್ಸ್ 100 ಸೈಲೆನ್ಸರ್‌ಗೆ ಕೈ ಹಾಕುವ ಮುಂಚೆ

ಬೆಂಗಳೂರಿನಲ್ಲಿ ಹಳೇ ಯಮಹಾ ಆರ್‌ಎಕ್ಸ್ 100 ಇಂಜಿನ್ ಬಿಚ್ಚಿ ಕಟ್ಟಿಸಲು ಹೊರಟವರು ಎಷ್ಟೋ ಜನ ಮೊದಲು ಕೈ ಹಾಕುವುದೇ ಸೈಲೆನ್ಸರ್‌ಗೆ. ಒಳಗಿನ ಕೋನು, ತಗಡು ಎಲ್ಲ ಕಿತ್ತರೆ ಹೊಗೆ ಸಲೀಸಾಗಿ ಹೋಗುತ್ತದೆ, ಪಿಕಪ್ ಜಾಸ್ತಿ ಆಗುತ್ತದೆ ಅನ್ನುವ ನಂಬಿಕೆ. ಸದ್ದು ಜೋರಾಯಿತು, ಅಂದರೆ ಪವರ್ ಬಂತು ಅಂದುಕೊಳ್ಳುತ್ತಾರೆ. ಇದು ಶುದ್ಧ ತಪ್ಪು. ಟೂ ಸ್ಟ್ರೋಕ್ ಗಾಡಿಯ ಸೈಲೆನ್ಸರ್ ಇಂಜಿನ್ನಿನದೇ ಒಂದು ಭಾಗ. ಅದನ್ನು ಕೊರೆಸುವುದೂ ಒಂದೇ, ಪಿಸ್ಟನ್ ಕೊರೆಸುವುದೂ ಒಂದೇ.

ಈ ಇಂಜಿನ್ನಿನ ಹೆಡ್ಡಿನಲ್ಲಿ ಫೋರ್ ಸ್ಟ್ರೋಕ್ ಗಾಡಿಗಳ ಹಾಗೆ ವಾಲ್ವ್ ಇಲ್ಲ. ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿವೆ, ಪಿಸ್ಟನ್ನೇ ಅವನ್ನು ತೆರೆದು ಮುಚ್ಚುತ್ತದೆ. ಸುಟ್ಟ ಹೊಗೆ ಹೊರಗೆ ಹೋಗುತ್ತಿರುವಾಗಲೇ ಹೊಸ ಪೆಟ್ರೋಲ್-ಗಾಳಿ ಒಳಗೆ ನುಗ್ಗುತ್ತದೆ. ಪಿಸ್ಟನ್ ಮೇಲೇರುವಾಗ ಒಳಬರುವ ಕಿಂಡಿ ಮೊದಲು ಮುಚ್ಚುತ್ತದೆ, ಹೊಗೆಯ ಕಿಂಡಿ ಆಮೇಲೆ. ಆ ಅಂತರದಲ್ಲಿ ಹೊಸ ಪೆಟ್ರೋಲ್ ಕೂಡ ಹೊರಗೆ ಸೋರುತ್ತದೆ. ರಷ್ ಇರುವ ಸಿಟಿ ಬಸ್ಸಿನಲ್ಲಿ ಹಿಂದಿನಿಂದ ಹತ್ತಿದವರು ನೂಕಾಟಕ್ಕೆ ಮುಂದಿನ ಬಾಗಿಲಿನಿಂದ ಕೆಳಗೆ ಬಿದ್ದ ಹಾಗೆ. ಬಾಗಿಲು ಮುಚ್ಚುವ ಕ್ಷಣಕ್ಕೆ ಸರಿಯಾಗಿ ಯಾರೋ ಹೊರಗಿನಿಂದ ಅವರನ್ನೆಲ್ಲ ಒಳಗೆ ನೂಕಿದರೆ? ಸೈಲೆನ್ಸರ್ ಮಾಡುವುದು ಅದೇ ಕೆಲಸ.

ಕಿಂಡಿ ತೆರೆದ ಕೂಡಲೇ ಒತ್ತಡದ ಅಲೆಯೊಂದು ಪೈಪಿನಲ್ಲಿ ಓಡುತ್ತದೆ. ಪೈಪ್ ಅಗಲವಾಗುವ ಜಾಗ ಬಂದಾಗ ಅದರ ಒಂದು ಪಾಲು ಸೆಳೆತವಾಗಿ ವಾಪಸ್ ಬಂದು ಹೊಗೆಯನ್ನು ಹೊರಗೆಳೆಯುತ್ತದೆ, ಜೊತೆಗೆ ಹೊಸ ಪೆಟ್ರೋಲನ್ನೂ ಸ್ವಲ್ಪ ಹೊರಗೆಳೆಯುತ್ತದೆ. ಮುಂದೆ ಪೈಪ್ ಮತ್ತೆ ಕಿರಿದಾಗುತ್ತದೆ. ಅಲ್ಲಿಗೆ ಬಡಿದ ಪಾಲು ತಳ್ಳುವ ಅಲೆಯಾಗಿಯೇ ತಿರುಗಿ ಬಂದು, ಹೊರಗೆ ಹೋದ ಪೆಟ್ರೋಲನ್ನು ಸಿಲಿಂಡರಿಗೆ ತುರುಕುತ್ತದೆ. ಎಷ್ಟು ಚೆಂದದ ವ್ಯವಸ್ಥೆ, ಅಲ್ವಾ?

ಲೆಕ್ಕ ಹಾಕಿ ನೋಡಿ. 7500 ಆರ್‌ಪಿಎಂ ಅಂದರೆ ನಿಮಿಷಕ್ಕೆ 7500 ಸುತ್ತು, ಸೆಕೆಂಡಿಗೆ 125 ಸುತ್ತು, ಒಂದು ಸುತ್ತಿಗೆ 8 ಮಿಲಿಸೆಕೆಂಡು. ಹೊಗೆಯ ಕಿಂಡಿ ಸುಮಾರು ಅರ್ಧ ಸುತ್ತು ತೆರೆದಿರುತ್ತದೆ ಅನ್ನೋಣ, ಅಂದರೆ 4 ಮಿಲಿಸೆಕೆಂಡು. ಬಿಸಿ ಹೊಗೆಯಲ್ಲಿ ಅಲೆಯ ವೇಗ ಸೆಕೆಂಡಿಗೆ 500 ಮೀಟರ್ ಆಸುಪಾಸು. ಅಷ್ಟು ಹೊತ್ತಿನಲ್ಲಿ ಅದು 2 ಮೀಟರ್ ಓಡುತ್ತದೆ. ಹೋಗಿ ಬರಬೇಕಲ್ಲ, ಹಾಗಾಗಿ ತಿರುಗುವ ಜಾಗ ಸುಮಾರು 1 ಮೀಟರ್ ದೂರದಲ್ಲಿರಬೇಕು. ಆರ್‌ಪಿಎಂ ಬೇರೆಯಾದರೆ ಅಲೆ ಬೇಗ ಬರುತ್ತದೆ, ಇಲ್ಲವೇ ತಡವಾಗಿ ಬರುತ್ತದೆ. ಆರ್‌ಎಕ್ಸ್ ಒಂದು ವೇಗ ದಾಟಿದ ಮೇಲೆ ಇದ್ದಕ್ಕಿದ್ದಂತೆ ಎಳೆಯುವುದಕ್ಕೆ ಇದೇ ದೊಡ್ಡ ಕಾರಣ. ಒಳಗಿನ ಕೋನು ಕಿತ್ತರೆ ತಿರುಗಿ ಬರುವ ಅಲೆಯೇ ಹಾಳು.

ಈ ಅಲೆಯ ಆಟವನ್ನು ಪಳಗಿಸಿದವರಲ್ಲಿ ದೊಡ್ಡ ಹೆಸರು ಪೂರ್ವ ಜರ್ಮನಿಯ ವಾಲ್ಟರ್ ಕಾಡೆನ್. ಯುದ್ಧಕಾಲದಲ್ಲಿ ಪೀನೆಮ್ಯುಂಡೆಯ ಅಸ್ತ್ರ ಕೇಂದ್ರದಲ್ಲಿದ್ದ ಎಂಜಿನಿಯರ್ ಆತ. ಆಮೇಲೆ ಎಂಝಡ್ ಎಂಬ ಬೈಕ್ ಕಂಪನಿಗೆ ಬಂದು, ಪೈಪಿನೊಳಗಿನ ಅಲೆಗಳನ್ನು ಆಸಿಲೋಸ್ಕೋಪ್ ಎಂಬ ಯಂತ್ರದ ಪರದೆಯಲ್ಲಿ ನೋಡಿ ಪೈಪ್ ತಿದ್ದಿದ. 1961ರ ಹೊತ್ತಿಗೆ ಅವನ 125 ಸಿಸಿ ಇಂಜಿನ್ 25 ಎಚ್‌ಪಿ ಕೊಡುತ್ತಿತ್ತು. ಅದೇ ವರ್ಷ ಅವನ ರೇಸರ್ ಎರ್ನ್‌ಸ್ಟ್ ಡೆಗ್ನರ್ ಸ್ವೀಡನ್ ರೇಸಿನ ವೇಳೆ ಪಶ್ಚಿಮಕ್ಕೆ ಓಡಿಹೋದ, ಗುಟ್ಟನ್ನು ಸುಜುಕಿಗೆ ಒಯ್ದ. 1962ರಲ್ಲಿ 50 ಸಿಸಿ ವಿಶ್ವ ಪ್ರಶಸ್ತಿ ಸುಜುಕಿಯ ಮೇಲೆ ಕೂತ ಡೆಗ್ನರನದಾಯಿತು. ಇಷ್ಟೆಲ್ಲ ಆಗಿದ್ದು ಒಂದು ತಗಡಿನ ಕೊಳವೆಯ ಆಕಾರಕ್ಕಾಗಿ!

ಹಾಗಾದರೆ 98 ಸಿಸಿಯ ಈ ಇಂಜಿನ್ನಿಗೆ ಏನು ಮಾಡಿಸಬೇಕು? ಜೆ.ಸಿ. ರಸ್ತೆಯಲ್ಲಿ ಒಳ್ಳೇ ಪಿಸ್ಟನ್ ಕಿಟ್ ತನ್ನಿ. ಕ್ರ್ಯಾಂಕಿನ ಎರಡೂ ಆಯಿಲ್ ಸೀಲ್ ಹೊಸದಿರಲಿ. ಅಲ್ಲಿ ಗಾಳಿ ಎಳೆದರೆ ಪೆಟ್ರೋಲ್ ಸಾಲದೆ ಪಿಸ್ಟನ್ ಜಾಮ್ ಆಗುತ್ತದೆ. ಬೋರ್ ಹೊಡೆಸಿದ ಬ್ಲಾಕಿನ, ಅಂದರೆ ಒಳಗೋಡೆ ಕೊರೆಸಿದ ಸಿಲಿಂಡರಿನ, ಕಿಂಡಿಗಳ ಅಂಚು ಮುಟ್ಟಿದರೆ ಬೆರಳು ಕೊಯ್ಯುತ್ತದೆ. ಅದನ್ನು ಎಮರಿ ಕಾಗದದಲ್ಲಿ ತಾಳ್ಮೆಯಿಂದ ಉಜ್ಜಿ ನಯ ಮಾಡಬೇಕು. ಪಿಸ್ಟನ್ನಿನ ರಿಂಗ್ ಕೂರುವ ತೋಡಿನಲ್ಲಿ ಒಂದು ಪುಟ್ಟ ಪಿನ್ ಇರುತ್ತದೆ. ರಿಂಗಿನ ಎರಡು ತುದಿ ಅದರ ಅತ್ತ ಇತ್ತ ಕೂರಬೇಕು. ರಿಂಗ್ ತಿರುಗಿದರೆ ತುದಿ ಕಿಂಡಿಗೆ ಸಿಕ್ಕಿ ಚೂರಾಗುತ್ತದೆ.

ಸ್ವಲ್ಪ ಪವರ್ ಬೇಕೇ ಬೇಕು ಅನ್ನುವವರು ಹೆಡ್ಡಿನ ಸಂದು, ಅಂದರೆ ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಅದಕ್ಕೂ ಹೆಡ್ಡಿಗೂ ನಡುವೆ ಉಳಿಯುವ ಜಾಗ, ನೋಡಿಸಿ. ಪ್ಲಗ್ ತೂತಿನಿಂದ ಸೋಲ್ಡರ್ ತಂತಿಯನ್ನು ಸಿಲಿಂಡರಿನ ಅಂಚಿಗೆ ತಾಗಿಸಿ, ಇಂಜಿನ್ನನ್ನು ಕೈಯಲ್ಲಿ ತಿರುಗಿಸಿ, ಚಪ್ಪಟೆಯಾದ ತುದಿಯನ್ನು ವರ್ನಿಯರ್‌ನಲ್ಲಿ ಅಳೆಯಿರಿ. 1 ಮಿಲಿಮೀಟರ್ ಆಸುಪಾಸು ಇದ್ದರೆ ಚೆನ್ನ. ಜಾಸ್ತಿ ಇದ್ದರೆ ಲೇತ್‌ನಲ್ಲಿ ಹೆಡ್ ಸ್ವಲ್ಪ ತೆಗೆಸಬಹುದು. ಸೈಲೆನ್ಸರ್ ಕರಿ ಕಟ್ಟಿದ್ದರೆ ಶುಚಿ ಮಾಡಿಸಿ, ಆಕಾರ ಮುಟ್ಟಬೇಡಿ.

ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಪುಟ್ಟ ತೂತಿನ ತುಂಡು, ಅಂದರೆ ಜೆಟ್, ಕೊನೆಗೆ. ಕೆನಡಾದ ಹಿಮದ ಮೇಲೆ ಓಡುವ ಕಾರ್ಬ್ಯುರೇಟರ್ ಸ್ನೋಮೊಬೈಲ್‌ಗಳಿಗೆ ಚಳಿ ಏರಿದರೆ ದೊಡ್ಡ ಜೆಟ್ ಬೇಕು, ಯಾಕೆಂದರೆ ತಣ್ಣನೆ ಗಾಳಿ ದಟ್ಟ. ನಮ್ಮದು ತಿರುಗಾಮುರುಗಾ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಗಾಳಿಯ ಒತ್ತಡ ಹತ್ತಿರ ಹತ್ತಿರ ಶೇ. 10 ಕಡಿಮೆ. ಇಲ್ಲಿಗೆ ಸರಿಯಾಗಿ ಕೂರಿಸಿದ ಜೆಟ್ಟಿನಲ್ಲೇ ಶಿರಾಡಿ ಘಾಟಿ ಇಳಿದು ಮಂಗಳೂರಿನ ಕಡೆ ಫುಲ್ ಥ್ರಾಟಲ್ ಹೊಡೆದರೆ ಪೆಟ್ರೋಲ್ ಕಡಿಮೆ ಬಿದ್ದು ಇಂಜಿನ್ ಕಾಯುತ್ತದೆ. ಹೊರಡುವಾಗ ಒಂದು ಸೈಜ್ ದೊಡ್ಡ ಮೇನ್ ಜೆಟ್ ಜೇಬಿನಲ್ಲಿರಲಿ. ಘಾಟಿ ಇಳಿದ ಮೇಲೆ ಪ್ಲಗ್ ಬಿಚ್ಚಿ ನೋಡಿ, ಬೆಳ್ಳಗಾಗಿದ್ದರೆ ಅಲ್ಲೇ ಜೆಟ್ ಬದಲಿಸಿಕೊಳ್ಳಿ.