ಬ್ರಹ್ಮಗಿರಿ ಓಪನ್ ಇದೆಯಾ? ಕೊಡಗಿನ ಕಾಡುದಾರಿಗಳ ಹಿಂದಿನ ಕಥೆ

ಕೊಡಗಿನಲ್ಲಿ ಹೋಮ್‌ಸ್ಟೇ ನಡೆಸುವವರಿಗೆ ವಾರದ ಕೊನೆಯಲ್ಲಿ ಬರುವ ಫೋನ್‌ಗಳಲ್ಲಿ ಎರಡು ಪ್ರಶ್ನೆ ಖಾಯಂ. ಬ್ರಹ್ಮಗಿರಿ ಓಪನ್ ಇದೆಯಾ? ನಾಗರಹೊಳೆ ಒಳಗೆ ಟ್ರೆಕಿಂಗ್ ಮಾಡಬಹುದಾ? ಎರಡನೆಯದಕ್ಕೆ ಉತ್ತರ ಸುಲಭ, ಆಗಲ್ಲ. ಮೊದಲನೆಯದು ಬೆಟ್ಟದ ಚಾರಣದ ಮಾತು, ಅದಕ್ಕೆ ಉತ್ತರ ಹೇಳುವ ಮುಂಚೆ ಇನ್ನೊಬ್ಬರಿಗೆ ಫೋನ್ ಮಾಡಿ ಕೇಳಬೇಕು. ಮಳೆಗಾಲದಲ್ಲಿ ಮಳೆ ಅಂತ ಬಂದ್. ಬೇಸಿಗೆಯಲ್ಲಿ ಬೆಂಕಿ ಅಂತ ಬಂದ್. ನಡುವೆ ಉಳಿದ ನಾಲ್ಕು ದಿನದಲ್ಲಿ ಆನೆ ಬಂದು ನಿಂತಿದ್ದರೆ ಅದಕ್ಕೂ ಬಂದ್.

ಹೊರಗಿನವರಿಗೆ ಇದು ಸುಮ್ನೆ ಅರಣ್ಯ ಇಲಾಖೆಯ ಹಟದಂತೆ ಕಾಣುತ್ತದೆ. ಹಾಗೇನಿಲ್ಲ. ಒಂದೊಂದು ನಿಯಮದ ಹಿಂದೆಯೂ ಒಂದು ಕಾರಣ ಇದೆ. ಆದರೆ ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಕೊಡಗಿನ ಕಾಡಿನಲ್ಲಿ ನಡೆಯುವವರ ದಾರಿ ಕಿರಿದಾಗುತ್ತಾ ಬಂದ ಕಾಲದಲ್ಲೇ ವಾಹನದ ದಾರಿ ಅಗಲವಾಗುತ್ತಾ ಹೋಗಿದೆ.

ಹಳೆಯ ಕಾಲದ್ದನ್ನು ಒಂದೇ ಉಸಿರಿನಲ್ಲಿ ಹೇಳಿಬಿಡಬಹುದು. ರಾಜರ ಕಾಲದಲ್ಲಿ ಬೇಟೆ, 1834ರ ನಂತರ ಬ್ರಿಟಿಷರ ತೇಗ ಮತ್ತು ಕಾಫಿ, ಆಮೇಲೆ ಮೀಸಲು ಅರಣ್ಯ, 1972ರ ವನ್ಯಜೀವಿ ಕಾನೂನಿನಿಂದ ಬೇಟೆ ಬಂದ್. ಕೋವಿ ಗೋಡೆಯ ಮೇಲೆ ಉಳಿಯಿತು, ಕೊಡವರ ಆಯುಧ ಹಬ್ಬ ಕೈಲ್‌ಪೊಳ್ದ್ ದಿನ ಪೂಜೆಗೆ ಇಳಿಯುತ್ತದೆ. ಇಷ್ಟೂ ಕಾಲ ಕಾಡಿನಲ್ಲಿ ಕಾಲುದಾರಿಗಳು ಇದ್ದವು. ದನ ಮೇಯಿಸುವ ದಾರಿ, ಜೇನಿನ ದಾರಿ, ದೇವರ ಕಾಡಿನ ದಾರಿ. ಬ್ರಹ್ಮಗಿರಿಯ ಆಚೆ ಮಗ್ಗುಲಲ್ಲಿ ಕೇರಳದ ತಿರುನೆಲ್ಲಿ. ದಕ್ಷಿಣ ಕೊಡಗಿನವರು ಹಿರಿಯರ ಕರ್ಮಕ್ಕೆ ಈಗಲೂ ಅಲ್ಲಿಗೇ ಹೋಗುವುದು. ಈಗ ಕಾರಿನಲ್ಲಿ, ಕುಟ್ಟ ದಾಟಿ.

ನಾಗರಹೊಳೆಯದು ಬೇರೆಯೇ ಕಥೆ. 1955ರಲ್ಲಿ ಅಭಯಾರಣ್ಯ, ಆಮೇಲೆ ಹಿಗ್ಗಿ ರಾಷ್ಟ್ರೀಯ ಉದ್ಯಾನ, 1999ರಲ್ಲಿ ಹುಲಿ ಯೋಜನೆಗೆ ಸೇರ್ಪಡೆ. 643 ಚದರ ಕಿಲೋಮೀಟರ್ ಕಾಡು ಕೊಡಗು ಮತ್ತು ಮೈಸೂರು ಜಿಲ್ಲೆಗಳಿಗೆ ಹಂಚಿಹೋಗಿದೆ. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದ ಮೇಲೆ ಬೇಸಿಗೆಯಲ್ಲಿ ನೀರು ಇಳಿದ ದಡದಲ್ಲಿ ಹುಲ್ಲು ಚಿಗುರಿ ಆನೆ ಹಿಂಡುಗಳು ಸೇರತೊಡಗಿದವು. ಸಮುದ್ರ ಇಲ್ಲದ ನಮಗೆ ಬೀಚ್ ಅಂತ ಏನಾದರೂ ಇದ್ದರೆ ಅದೇ. ಅದೂ ಮೈಸೂರು ಜಿಲ್ಲೆಯ ಪಾಲಿನದು!

ಈ ಕಾಡಿನೊಳಗೆ ಜೇನು ಕುರುಬರ, ಬೆಟ್ಟ ಕುರುಬರ, ಯರವರ ಹಾಡಿಗಳು, ಅಂದರೆ ಆದಿವಾಸಿ ಊರುಗಳು, ಇದ್ದವು. ಉದ್ಯಾನ ಬಿಗಿಯಾದಂತೆ ಹಾಡಿಗಳು ಒಂದೊಂದಾಗಿ ಹೊರಗೆ ಬಂದವು. ಕೆಲವರು ಪುನರ್ವಸತಿಗೆ, ಹಲವರು ಕಾಫಿ ತೋಟದ ಕೂಲಿಯವರ ಲೈನ್‌ಮನೆಗೆ. ಅದೇ ಹೊತ್ತಿನಲ್ಲಿ, 1990ರ ದಶಕದಲ್ಲಿ, ಕಾಡಿನ ಒಳಗೇ ಒಂದು ದೊಡ್ಡ ಹೋಟೆಲ್‌ನ ರೆಸಾರ್ಟ್ ಕಟ್ಟುವ ಕೆಲಸ ಶುರುವಾಗಿತ್ತು. ಹಾಡಿಯವರೇ ಮುಂದೆ ನಿಂತು ಪ್ರತಿಭಟಿಸಿದರು. 1997ರಲ್ಲಿ ಹೈಕೋರ್ಟ್ ಆ ರೆಸಾರ್ಟ್‌ಗೆ ಅವಕಾಶ ಇಲ್ಲ ಎಂದಿತು. 2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂತು. ಅರ್ಜಿಗಳು ಹೋದವು, ತಿರಸ್ಕಾರವಾದವು, ಮತ್ತೆ ಹೋದವು. 2025ರ ಮೇ ತಿಂಗಳಲ್ಲಿ ಕೆಲವು ಜೇನು ಕುರುಬ ಕುಟುಂಬಗಳು ಕರಡಿಕಲ್ಲು ಅತ್ತೂರು ಕೊಲ್ಲಿಗೆ ವಾಪಸ್ ನಡೆದು ಹೋಗಿ ಗುಡಿಸಲು ಹಾಕಿದವು. ನಾಗರಹೊಳೆಯ ನಾಣಚ್ಚಿ ಗೇಟಿನಲ್ಲಿ ಸಫಾರಿ ಬಸ್ಸಿಗೆ ಟಿಕೆಟ್ ತಗೊಳ್ಳುವವರಿಗೆ ಈ ಕಥೆಯನ್ನು ಯಾರೂ ಹೇಳುವುದಿಲ್ಲ. ಹೇಳಬೇಕಿತ್ತು, ಅಲ್ವಾ?

ಈಗ ಬೆಟ್ಟಗಳ ವಿಷಯಕ್ಕೆ ಬರೋಣ. ನಾನು ಹತ್ತಿರದಿಂದ ನೋಡಿದ್ದು ಇದನ್ನೇ.

ಹೆಸರಾದ ಚಾರಣದ ದಾರಿಗಳು ಮುಖ್ಯವಾಗಿ ಮೂರು. ಕಕ್ಕಬೆಯ ನಾಲ್ಕುನಾಡು ಅರಮನೆಯಿಂದ ತಡಿಯಂಡಮೋಳ್, 1748 ಮೀಟರ್, ಜಿಲ್ಲೆಯ ಅತಿ ಎತ್ತರದ ತುದಿ. ಇರ್ಪು ಜಲಪಾತದಿಂದ ನರಿಮಲೆ ಮೂಲಕ ಬ್ರಹ್ಮಗಿರಿ. ಸೋಮವಾರಪೇಟೆ ಕಡೆಯ ಬೀದಳ್ಳಿಯಿಂದ ಪುಷ್ಪಗಿರಿ. ಆ ಕಡೆ ಕುಕ್ಕೆಯಿಂದ ಹತ್ತುವವರು ಇದನ್ನೇ ಕುಮಾರಪರ್ವತ ಎನ್ನುತ್ತಾರೆ. ತಡಿಯಂಡಮೋಳ್ ತುದಿಯಿಂದ ಆಕಾಶ ತಿಳಿಯಾಗಿದ್ದ ದಿನ ಅರಬ್ಬಿ ಸಮುದ್ರದ ಗೆರೆ ಕಾಣುತ್ತದಂತೆ. ಹೋದಾಗಲೆಲ್ಲ ನನಗೆ ಕಂಡಿದ್ದು ಮಂಜು ಮಾತ್ರ.

1990ರ ದಶಕದ ಕೊನೆಯವರೆಗೆ ಈ ಬೆಟ್ಟಗಳಿಗೆ ಬರುತ್ತಿದ್ದವರು ಕಡಿಮೆ. ಕಾಲೇಜಿನ ಹುಡುಗರು, ಹಕ್ಕಿ ನೋಡುವವರು, ಬೆಂಗಳೂರಿನ ಚಾರಣ ಗುಂಪುಗಳು. ರೇಂಜ್ ಆಫೀಸಿನಲ್ಲಿ ಒಂದು ಅರ್ಜಿ, ಜೊತೆಗೆ ಒಬ್ಬ ವಾಚರ್, ಬೆನ್ನಿಗೆ ಅಕ್ಕಿ ಬೇಳೆ. ಅಷ್ಟೇ. 2000ದ ಆಸುಪಾಸಿನಲ್ಲಿ ಕಾಫಿ ಬೆಲೆ ನೆಲ ಕಚ್ಚಿತು. ತೋಟದವರು ಖಾಲಿ ಇದ್ದ ಕೋಣೆಗೆ ಸುಣ್ಣ ಬಳಿದು, ಗೀಸರ್ ಹಾಕಿಸಿ ಅತಿಥಿಗಳನ್ನು ಕರೆದರು. ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ಐಟಿ ಸಂಬಳ, ಎರಡು ದಿನದ ರಜೆ, ಸ್ವಂತ ಕಾರು. ಎರಡೂ ಕಡೆಯ ಅಗತ್ಯ ಒಂದಕ್ಕೊಂದು ಸರಿಯಾಗಿ ಹೊಂದಿತು. ಹೋಮ್‌ಸ್ಟೇ ಇಲ್ಲದಿದ್ದರೆ ಎಷ್ಟೋ ಮನೆಯವರು ತೋಟ ಮಾರಬೇಕಾಗುತ್ತಿತ್ತು. ಇದನ್ನು ಮರೆತು ಪ್ರವಾಸೋದ್ಯಮವನ್ನು ಬೈಯುವುದು ಸುಲಭ.

2008ರಲ್ಲಿ ಒಂದು ಕನ್ನಡ ಸಿನಿಮಾ ಮಾಂದಲ್‌ಪಟ್ಟಿಯ ಹುಲ್ಲುಗುಡ್ಡವನ್ನು ಊರೂರಿಗೆ ತೋರಿಸಿತು. ಮಡಿಕೇರಿಯಿಂದ ಅಲ್ಲಿಗೆ ಜೀಪುಗಳ ಸಾಲು ಶುರುವಾಯಿತು. ಜೀಪು ಓಡಿಸುವವರು ಇಲ್ಲಿನ ಹುಡುಗರೇ, ಅವರ ಸಾಲದ ಕಂತು ಅದರಲ್ಲೇ ತೀರಬೇಕು. ಗುಡ್ಡ ಹತ್ತಲು ಕಾಲು ಬೇಕಿಲ್ಲ ಎಂದು ಜನಕ್ಕೆ ಗೊತ್ತಾದದ್ದು ಮಾತ್ರ ಆಗಲೇ. ಹುಲ್ಲಿನ ಮೇಲೆ ಚಕ್ರದ ಗುರುತು, ಮಳೆಗೆ ಅದೇ ಕೊರಕಲು.

2012ರ ಜುಲೈನಲ್ಲಿ ಎರಡು ದೊಡ್ಡ ಸುದ್ದಿ ಒಟ್ಟಿಗೆ ಬಂದವು. ತಿಂಗಳ ಮೊದಲ ದಿನ ಯುನೆಸ್ಕೋ ಪಶ್ಚಿಮಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದರಲ್ಲಿ ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ ಅಭಯಾರಣ್ಯಗಳೂ ಇದ್ದವು. ಇಲ್ಲಿ ಪಟಾಕಿ ಹೊಡೆಯುವ ಬದಲು ವಿರೋಧ ಎದ್ದಿತು. ನಾಳೆ ನಮ್ಮ ಬಾಣೆಗೂ, ಅಂದರೆ ಗದ್ದೆಗೆ ಸೇರಿದ ಮರಗಾಡಿನ ಜಮೀನಿಗೂ, ಕೈ ಹಾಕುತ್ತಾರೆ ಎಂಬ ಭಯ. ಅದೇ ತಿಂಗಳು 24ರಂದು ಸುಪ್ರೀಂ ಕೋರ್ಟ್ ಹುಲಿ ಸಂರಕ್ಷಿತ ಪ್ರದೇಶಗಳ ಒಳಗಿನ ಕೋರ್ ಭಾಗದಲ್ಲಿ ಪ್ರವಾಸಕ್ಕೆ ತಾತ್ಕಾಲಿಕ ತಡೆ ಹಾಕಿತು. ಅಕ್ಟೋಬರ್‌ನಲ್ಲಿ ಹೊಸ ಮಾರ್ಗಸೂಚಿಯೊಂದಿಗೆ ತಡೆ ಹೋಯಿತು. ಸಫಾರಿ ಮತ್ತೆ ಶುರು, ನಡಿಗೆ ಇಲ್ಲ.

2018ರ ಆಗಸ್ಟ್‌ನಲ್ಲಿ ಗುಡ್ಡಗಳೇ ಜಾರಿದವು. ಮಕ್ಕಂದೂರು ಸುತ್ತಮುತ್ತ ಮನೆ, ತೋಟ, ರಸ್ತೆ ಕೊಚ್ಚಿಹೋದವು. ಎರಡು ವರ್ಷದ ನಂತರ ತಲಕಾವೇರಿಯ ಬೆಟ್ಟವೂ ಕುಸಿಯಿತು. ಮಳೆಗಾಲದಲ್ಲಿ ಪ್ರವಾಸಿಗರನ್ನು ತಡೆಯುವುದು ಆಮೇಲೆ ವಾಡಿಕೆಯಾಯಿತು. ಇದರ ಬಗ್ಗೆ ಯಾರದೂ ತಕರಾರಿಲ್ಲ. ಗುಡ್ಡ ಕೊರೆದು ಕಟ್ಟಿದ್ದನ್ನು ತಡೆಯುವ ವಾಡಿಕೆ ಅಷ್ಟು ಬೇಗ ಬರಲಿಲ್ಲ, ಅದು ಬೇರೆ ಮಾತು.

ಕೊನೆಯ ತಿರುವು 2024ರ ಜನವರಿ. ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತದ ದಾರಿಯಲ್ಲಿ ಜನ ಜಾತ್ರೆಯಂತೆ ಸೇರಿದ ಫೋಟೋ ಎಲ್ಲರ ಮೊಬೈಲಿಗೂ ಬಂತು. ಅದು ಕುಕ್ಕೆ ಕಡೆಯ ದಾರಿ, ನಮ್ಮ ಕಡೆಯದಲ್ಲ. ಆದರೆ ಆನ್‌ಲೈನ್ ಬುಕಿಂಗ್ ಇಲ್ಲದ ದಾರಿಗಳಲ್ಲಿ ಚಾರಣ ನಿಲ್ಲಿಸಬೇಕೆಂಬ ಆದೇಶ ಇಡೀ ರಾಜ್ಯಕ್ಕೆ ಬಂತು. ಅದೇ ವರ್ಷ ‘ಅರಣ್ಯ ವಿಹಾರ’ ಎಂಬ ಜಾಲತಾಣ ಶುರುವಾಯಿತು. ಒಂದೊಂದು ದಾರಿಗೆ ದಿನಕ್ಕೆ ಇಂತಿಷ್ಟೇ ಜನ, ಮೊದಲೇ ಹಣ ಕಟ್ಟಬೇಕು. ನನ್ನ ಮಟ್ಟಿಗೆ ಇದು ಒಳ್ಳೆಯ ವ್ಯವಸ್ಥೆ. ಪ್ಲಾಸ್ಟಿಕ್ ಕಡಿಮೆ ಆಗುತ್ತದೆ, ಯಾರು ಮೇಲೆ ಹೋಗಿದ್ದಾರೆಂಬ ಲೆಕ್ಕವೂ ಇರುತ್ತದೆ. ಇದೇ ಲೆಕ್ಕ ಜೀಪಿಗೂ ಇದ್ದಿದ್ದರೆ ಇನ್ನೂ ಜಾಸ್ತಿ ಖುಷಿಯಾಗುತ್ತಿತ್ತು.

2025ರ ನವೆಂಬರ್‌ನಲ್ಲಿ ಹುಲಿ ದಾಳಿಗೆ ಕಾಡಂಚಿನ ರೈತರು ಬಲಿಯಾದ ಮೇಲೆ ಬಂಡೀಪುರ, ನಾಗರಹೊಳೆಗಳಲ್ಲಿ ಸಫಾರಿಯನ್ನೇ ಸರ್ಕಾರ ನಿಲ್ಲಿಸಿತು. ಆಗ ಮಾತ್ರ ಚಕ್ರಕ್ಕೂ ಗೇಟು ಬಿತ್ತು.

ಇಷ್ಟೆಲ್ಲದರ ನಡುವೆ ಪರ್ಮಿಟ್ ಇಲ್ಲದೆ ದಿನಾ ಕಾಡುಪ್ರಾಣಿಗಳ ನಡುವೆ ನಡೆಯುವವರೂ ಇದ್ದಾರೆ. ಬೆಳಗ್ಗೆ ತೋಟದ ಕೆಲಸಕ್ಕೆ ಹೋಗುವವರು. ಆನೆ ಎಲ್ಲಿದೆ ಎಂದು ಮೊಬೈಲಿಗೆ ಮೆಸೇಜ್ ಬರುತ್ತದೆ. ನೆಟ್‌ವರ್ಕ್ ಇದ್ದರೆ.

ಈಗ ಫೋನ್ ಮಾಡಿದವರಿಗೆ ಹೇಳುವುದಿಷ್ಟು. ನವೆಂಬರ್‌ನಿಂದ ಜನವರಿ ಒಳ್ಳೆಯ ಕಾಲ. ಫೆಬ್ರವರಿ ದಾಟಿದರೆ ಹುಲ್ಲು ಒಣಗಿ ಬೆಂಕಿಯ ಭಯ, ಯಾವಾಗ ಬೇಕಾದರೂ ಮುಚ್ಚಬಹುದು. ಮೊದಲು ಬುಕಿಂಗ್ ನೋಡಿ, ಆಮೇಲೆ ಕೋಣೆ ಹಿಡಿಯಿರಿ. ರಾತ್ರಿ ಬೆಟ್ಟದ ಮೇಲೆ ಟೆಂಟ್ ಹಾಕುವ ಆಸೆ ಬಿಡಿ. ನಾಗರಹೊಳೆ ಮೂಲಕ ಹುಣಸೂರಿಗೆ ಹೋಗುವವರು ಸಂಜೆ ಆರರೊಳಗೆ ಕಾಡು ದಾಟಿರಬೇಕು, ಆಮೇಲೆ ಗೇಟು ಹಾಕುತ್ತಾರೆ. ಇರ್ಪು ದಾರಿಯಲ್ಲಿ ಮಳೆ ಬಿಟ್ಟು ಎಷ್ಟೋ ದಿನ ಇಂಬಳ ಇರುತ್ತವೆ. ಜೇಬಿನಲ್ಲಿ ಒಂದು ಉಪ್ಪಿನ ಪೊಟ್ಟಣ ಇಟ್ಟುಕೊಳ್ಳಿ.