ಬಳಚು ಊರು ಬಿಟ್ಟು ಹೋಗುವುದಿಲ್ಲ

ಉತ್ತರ ಕನ್ನಡದ ಅಘನಾಶಿನಿ ನದಿ ಕಡಲು ಸೇರುವ ಅಳಿವೆಯಲ್ಲಿ ನೀರು ಇಳಿಯುವ ಹೊತ್ತು. ಮೊಣಕಾಲು ನೀರಿನಲ್ಲಿ ಹತ್ತಿಪ್ಪತ್ತು ಹೆಂಗಸರು ಬಳಚು, ಅಂದರೆ ಮರಳಿನಲ್ಲಿ ಹುದುಗಿರುವ ತಿನ್ನುವ ಚಿಪ್ಪು, ಹೆಕ್ಕುತ್ತಿದ್ದರು. ಇಲ್ಲಿ ಹುಡುಕುವುದು ಕಣ್ಣಲ್ಲ, ಪಾದ. ಮರಳಿನೊಳಗೆ ಕಾಲ್ಬೆರಳಿಗೆ ಗಟ್ಟಿ ತಾಗಿದ ಕೂಡಲೇ ಕೈ ಕೆಳಗೆ ಹೋಗುತ್ತದೆ, ಬಳಚು ಮೇಲೆ ಬರುತ್ತದೆ. ಸೊಂಟಕ್ಕೆ ಹಗ್ಗದಲ್ಲಿ ಕಟ್ಟಿಕೊಂಡ ಪಾತ್ರೆ ಹಿಂದೆ ತೇಲುತ್ತಿರುತ್ತದೆ. ಒಬ್ಬ ಅಜ್ಜಿಯ ಪಾತ್ರೆಯೊಳಗೆ ನೋಡಿದೆ. ಅರ್ಧಕ್ಕರ್ಧ ಹೆಬ್ಬೆರಳಿನ ಉಗುರಿನಷ್ಟೇ ಇದ್ದವು.

"ಅಮ್ಮ, ಇವನ್ನ ಬಿಟ್ಟಿದ್ರೆ ದೊಡ್ಡದಾಗ್ತಿದ್ವಲ್ಲ" ಅಂದೆ.

"ಗೊತ್ತದೆ ತಮ್ಮಾ. ನಾ ಬಿಟ್ರೆ ನಾಳೆ ಆಚೆ ದಂಡೆಯವ್ರು ಒಯ್ತಾರೆ."

ಕುಮಟಾ, ಹೊನ್ನಾವರದ ಕಡೆ ಮೀನುಗಾರರ ಜೊತೆ ಕೆಲಸ ಮಾಡುತ್ತ ನನಗೆ 20 ವರ್ಷ ಆಯಿತು. ಮೀನುಗಾರರಿಗೆ ತಿಳಿವಳಿಕೆ ಕೊಡಬೇಕು ಎಂದು ಎಲ್ಲ ಸಭೆಗಳಲ್ಲೂ ಹೇಳುತ್ತಾರೆ. ಅಜ್ಜಿಗೆ ತಿಳಿವಳಿಕೆ ಇತ್ತು. ಇಲ್ಲದಿದ್ದದ್ದು ಆಚೆ ದಂಡೆಯವರ ಮಾತು. ಆ ಮಾತು ಸಿಕ್ಕರೆ ಮಾತ್ರ ಅವರು ಸಣ್ಣದನ್ನು ಕೈಬಿಡಲು ಸಾಧ್ಯ.

ಊರವರೇ ಸೇರಿ ಮೀನನ್ನು ಮರಳಿ ತರಬಹುದಾ ಎಂದು ತುಂಬ ಜನ ಕೇಳುತ್ತಾರೆ. ಯಾವ ಮೀನು ಎನ್ನುವುದರ ಮೇಲೆ ಉತ್ತರ ನಿಂತಿದೆ. ಬಂಗಡೆ, ತಾರ್ಲೆ ಇವೆಲ್ಲ ತಿರುಗಾಡುವ ಮೀನು. ಇವತ್ತು ಬೇಲೆಕೇರಿಯಲ್ಲಿದ್ದದ್ದು ನಾಳೆ ಗೋವಾ ಕಡೆ ಇರಬಹುದು. ಕಡಲಿನ ಬಿಸಿ, ಮಳೆ, ಮೇವು ನೋಡಿಕೊಂಡು ಅವು ಬರುತ್ತವೆ, ಹೋಗುತ್ತವೆ. ಒಂದೂರಿನ ನಿಯಮ ಅವಕ್ಕೆ ಸಾಲುವುದಿಲ್ಲ. ಬಳಚು ಹಾಗಲ್ಲ. ಒಮ್ಮೆ ಮರಳಿನಲ್ಲಿ ಕೂತರೆ ಆಯುಷ್ಯವೆಲ್ಲ ಅಲ್ಲೇ. ಅದಕ್ಕೇ ನಾನು ಎಲ್ಲಿ ಹೋದರೂ ಊರು ಬಿಟ್ಟು ಹೋಗದ ಜೀವಿಯಿಂದಲೇ ಶುರು ಮಾಡೋಣ ಅನ್ನುತ್ತೇನೆ. ಇವತ್ತು ಬಿಟ್ಟದ್ದು ಬಿಟ್ಟವರ ಕಣ್ಣೆದುರೇ ಬೆಳೆಯುತ್ತದೆ.

ಬಳಚಿನ ಸಂಸಾರವನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಗಂಡು ಹೆಣ್ಣು ಎರಡೂ ಬೀಜವನ್ನು ನೀರಿಗೇ ಬಿಡುತ್ತವೆ. ಅವು ನೀರಿನಲ್ಲೇ ಕೂಡಬೇಕು. ಹುಟ್ಟಿದ ಮರಿ ಒಂದೆರಡು ವಾರ ತೇಲಾಡಿ, ಆಮೇಲೆ ತಕ್ಕ ಮರಳು ನೋಡಿ ಇಳಿಯುತ್ತದೆ. ಹಾಗಾಗಿ ದೊಡ್ಡ ಬಳಚು ಅಲ್ಲೊಂದು ಇಲ್ಲೊಂದು ಉಳಿದರೆ ಪ್ರಯೋಜನ ಕಮ್ಮಿ. ಒಂದು ಕಡೆ ಒತ್ತೊತ್ತಾಗಿ ಉಳಿಯಬೇಕು. ಎಲ್ಲರೂ ಎಲ್ಲ ಕಡೆ ಸ್ವಲ್ಪ ಸ್ವಲ್ಪ ಬಿಡುವುದಕ್ಕಿಂತ, ಅಳಿವೆಯ ಒಂದು ಮರಳು ದಿಬ್ಬವನ್ನು ಪೂರ್ತಿ ಮುಟ್ಟದೇ ಬಿಡುವುದು ಒಳ್ಳೆಯದು. ಬೀಜದ ಭತ್ತ ಎತ್ತಿಟ್ಟ ಹಾಗೆ.

ಇನ್ನೊಂದು ಸಂಗತಿ ಉಪ್ಪು. ಅಘನಾಶಿನಿ ಶಿರಸಿ ಕಡೆ ಹುಟ್ಟಿ ತದಡಿ ಹತ್ತಿರ ಕಡಲು ಸೇರುವವರೆಗೆ ಎಲ್ಲೂ ದೊಡ್ಡ ಅಣೆಕಟ್ಟು ಇಲ್ಲ. ಮಳೆಗಾಲದಲ್ಲಿ ಸಿಹಿನೀರು, ಬೇಸಿಗೆಯಲ್ಲಿ ಉಪ್ಪುನೀರು, ಈ ಲೆಕ್ಕ ತಪ್ಪಿಲ್ಲ. ಪಕ್ಕದ ಶರಾವತಿಯಲ್ಲಿ ವಿದ್ಯುತ್ ಮಾಡಿ ಬಿಟ್ಟ ನೀರು ಬೇಸಿಗೆಯಲ್ಲೂ ಹರಿದು ಬರುತ್ತದೆ. ಅಳಿವೆಯ ಉಪ್ಪು ತೆಳುವಾಗಿ ಅಲ್ಲಿ ಚಿಪ್ಪಿನ ಜೀವಿಗಳು ಬಹಳ ಕಮ್ಮಿಯಾದವು. ಅಲ್ಲಿಯವರು ಎಷ್ಟೇ ಒಗ್ಗಟ್ಟಾಗಿ ಸಣ್ಣದನ್ನು ಬಿಟ್ಟರೂ ನೀರಿಗೇ ಉಪ್ಪು ಬರದಿದ್ದರೆ ಏನು ಮಾಡುವುದು? 2024ರಲ್ಲಿ ಅಘನಾಶಿನಿ ಅಳಿವೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದಾಗ ನನಗೆ ನಿಜವಾಗಿ ಸಂತೋಷವಾಯಿತು. ಮೀನುಗಾರರ ಪಾಲಿಗೆ ಆ ಪಟ್ಟಿಗಿಂತ ದೊಡ್ಡದು ನದಿ ತಡೆಯಿಲ್ಲದೆ ಹರಿಯುತ್ತಿರುವುದು.

ನನ್ನ ಮೊದಲ ಪ್ರಯತ್ನ ಕೆಟ್ಟಿತು. ದೇವಸ್ಥಾನದ ಅಂಗಳದಲ್ಲಿ ಸಭೆ ಮಾಡಿದೆವು. ನಕ್ಷೆ ಹಾಸಿ ಒಂದು ದಿಬ್ಬಕ್ಕೆ ಗೆರೆ ಹಾಕಿದೆವು. ಎಲ್ಲರೂ ಹೂಂ ಅಂದರು. ವಾರದೊಳಗೆ ಆ ದಿಬ್ಬದ ಮೇಲೆ ಬುಟ್ಟಿಗಳು ಬಂದವು. ಸಭೆಯಲ್ಲಿ ಕೂತವರು ಬಲೆ ಬೀಸುವ ಗಂಡಸರು. ಬಳಚು ಹೆಕ್ಕುವವರು ಹೆಂಗಸರು, ಅವರನ್ನು ಯಾರೂ ಕರೆದಿರಲಿಲ್ಲ. ನಾನೂ ಕರೆದಿರಲಿಲ್ಲ. ಅದೂ ಅಲ್ಲದೆ ನಾವು ಗೆರೆ ಹಾಕಿದ್ದು ಮನೆಗಳಿಗೆ ತೀರಾ ಹತ್ತಿರದ ದಿಬ್ಬ. ದೋಣಿ ಇಲ್ಲದವರು ಹೋಗಬಹುದಾದ ಜಾಗ ಅದೊಂದೇ ಆಗಿತ್ತು. ಕಾಗದದಲ್ಲಿ ಇದು ಕಾಣುವುದಿಲ್ಲ.

ಎರಡನೇ ಸಲ ಎರಡೂ ದಂಡೆಯ ಹೆಂಗಸರು ಇಳಿತದ ಹೊತ್ತಿಗೆ ದಿಬ್ಬದ ಮೇಲೇ ಸೇರಿದರು. ಯಾವುದನ್ನು ಬಿಡಬೇಕು ಎಂದು ಅವರೇ ತೋರಿಸಿದರು. ನಡೆದು ಹೋಗಲು ಆಗದ, ಆದರೆ ಮರಿ ಚೆನ್ನಾಗಿ ಕೂರುವ ದಿಬ್ಬ ಅದು. ನಾಲ್ಕು ಮೂಲೆಗೆ ಬಿದಿರು ಹುಗಿದರು. ಉಳಿದ ಕಡೆ ಹೆಕ್ಕಿದ್ದನ್ನು ಜರಡಿಗೆ ಹಾಕಿ ನೀರಿನಲ್ಲಿ ಅಲ್ಲಾಡಿಸುವುದು, ಕೆಳಗೆ ಬಿದ್ದದ್ದು ಅಲ್ಲೇ ಉಳಿಯುವುದು ಎಂದಾಯಿತು. ಜರಡಿಯ ಸಂದು ಎಷ್ಟಿರಬೇಕು ಎನ್ನುವುದಕ್ಕೇ ಅರ್ಧ ದಿನ ಜಗಳ! ಆ ಜಗಳ ಆಗಲೇಬೇಕು. ಅದನ್ನು ದಾಟಿ ಬಂದ ಜರಡಿಯನ್ನು ಯಾರೂ ಬಚ್ಚಿಡುವುದಿಲ್ಲ.

ಕೇರಳದ ಅಷ್ಟಮುಡಿ ಕೆರೆಯಲ್ಲೂ ಬಳಚು ಹಿಡಿದು ಹಿಡಿದು ಕಮ್ಮಿಯಾಗಿತ್ತು. ಮೊಟ್ಟೆ ಇಡುವ ಕಾಲ ಎಂದು ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಹಿಡಿಯುವುದನ್ನು ನಿಲ್ಲಿಸಿದರು, ಬಲೆಯ ಕಣ್ಣು ದೊಡ್ಡದು ಮಾಡಿದರು. 2014ರಲ್ಲಿ ಆ ಬಳಚಿಗೆ ಮೀನು ಬರಿದಾಗದಂತೆ ಹಿಡಿಯುವವರಿಗೆ ಕೊಡುವ ಅಂತರರಾಷ್ಟ್ರೀಯ ಎಂಎಸ್‌ಸಿ ಪ್ರಮಾಣಪತ್ರ ಸಿಕ್ಕಿತು, ಭಾರತದಲ್ಲೇ ಮೊದಲು. ನಮ್ಮಲ್ಲಿ ಅದೇ ತಿಂಗಳುಗಳೇ ಆಗಬೇಕೆಂದಿಲ್ಲ. ಇಲ್ಲಿನ ನೀರು ನೋಡಿ ಇಲ್ಲಿಯವರೇ ಗೊತ್ತು ಮಾಡಬೇಕು.

ಸಿಗಡಿಯ ಕಥೆ ಬೇರೆ. ದೊಡ್ಡದು ಕಡಲಿನಲ್ಲಿ ಮೊಟ್ಟೆ ಇಡುತ್ತದೆ, ಮರಿ ಅಳಿವೆಗೆ ಬಂದು ಬೆಳೆದು ವಾಪಸ್ ಹೋಗುತ್ತದೆ. ಅವಕ್ಕೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬೇರಿನ ಸಂದು ಬೇಕು, ಗಜನಿ, ಅಂದರೆ ಅಳಿವೆ ದಂಡೆಯ ಉಪ್ಪುನೀರಿನ ಗದ್ದೆ, ಬೇಕು. ಗಜನಿಯಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಕೊಯ್ದ ಮೇಲೆ ಉಪ್ಪುನೀರು ಬಿಟ್ಟರೆ, ಉಳಿದ ಕೂಳೆ ಕೊಳೆತು ಮೀನು ಸಿಗಡಿಗೆ ಮೇವಾಗುತ್ತದೆ. 1990ರ ದಶಕದಲ್ಲಿ ಬರೀ ಸಿಗಡಿ ಸಾಕಣೆಗೆ ತಿರುಗಿದವರು ಬಿಳಿಚುಕ್ಕೆ ರೋಗಕ್ಕೆ ಸಿಕ್ಕು ಕೈಸುಟ್ಟುಕೊಂಡರು. ಕಟ್ಟು ಒಡೆದು ಪಾಳು ಬಿದ್ದ ಗಜನಿಗಳಲ್ಲಿ ಮತ್ತೆ ಕಗ್ಗ ಬಿತ್ತುವುದೂ ಮೀನುಗಾರಿಕೆಯ ಕೆಲಸವೇ. ಕಾಂಡ್ಲಾ ನೆಡಲು ಬರುವ ಉತ್ಸಾಹಿಗಳಿಗೆ ಒಂದು ಕೋರಿಕೆ: ದಯವಿಟ್ಟು ಬಳಚಿನ ದಿಬ್ಬದ ಮೇಲೆ ನೆಡಬೇಡಿ. ಗಿಡ ಬೆಳೆದಂತೆ ರಾಡಿ ಕೂಡುತ್ತದೆ, ಮರಳು ಹೋಗುತ್ತದೆ. ನೆಡುವ ಮೊದಲು ಅಲ್ಲಿ ಹೆಕ್ಕುವವರನ್ನು ಕೇಳಿ.

ನಮಗೆ ಮಾತ್ರ ಯಾಕೆ ನಿಯಮ, ಹೊರಗೆ ಕಡಲಿನಲ್ಲಿ ದೊಡ್ಡ ದೋಣಿಯವರು ರಾತ್ರಿ ಲೈಟ್ ಹಾಕಿ ಮೀನು ಸೆಳೆದು ಎಲ್ಲ ಬಳಿದುಕೊಂಡು ಹೋಗುತ್ತಾರಲ್ಲ ಎಂದು ಸಣ್ಣ ಪಾತಿ ದೋಣಿಯವರು ಕೇಳುತ್ತಾರೆ. ಅವರ ಸಿಟ್ಟು ಸರಿಯಾದದ್ದೇ. ಲೈಟ್ ಮೀನುಗಾರಿಕೆಯನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ, ಅದನ್ನು ಜಾರಿ ಮಾಡಬೇಕಾದದ್ದು ಸರ್ಕಾರ. ಆ ಹೋರಾಟದಲ್ಲಿ ನಾನು ಅವರ ಜೊತೆಗಿದ್ದೇನೆ. ಆದರೆ ಅದು ಮುಗಿಯುವ ತನಕ ದಿಬ್ಬ ಕಾಯುವುದಿಲ್ಲ.

ಈಗ ನಮ್ಮ ಹತ್ತಿರ ಅರ್ಧ ಮೀಟರ್ ಉದ್ದ, ಅರ್ಧ ಮೀಟರ್ ಅಗಲದ ಕಬ್ಬಿಣದ ಚೌಕಟ್ಟು ಇದೆ. ತಿಂಗಳಿಗೊಮ್ಮೆ ದೊಡ್ಡ ಇಳಿತದ ದಿನ ಅದನ್ನು ಬಿದಿರು ಹುಗಿದ ಜಾಗದ ಒಳಗೆ ಹತ್ತು ಕಡೆ, ಹೊರಗೆ ಹತ್ತು ಕಡೆ ಇಟ್ಟು, ಚೌಕಟ್ಟಿನೊಳಗೆ ಸಿಕ್ಕ ಬಳಚನ್ನೆಲ್ಲ ಎಣಿಸಿ ವಾಪಸ್ ಹುಗಿಯುತ್ತೇವೆ. ಎಣಿಸುವುದು ಹೆಂಗಸರು, ಬರೆಯುವುದು ಅವರ ಶಾಲೆಗೆ ಹೋಗುವ ಮಕ್ಕಳು. ಒಂದು ತಿಂಗಳು ಈ ದಂಡೆಯವರು ಎಣಿಸಿದರೆ ಮುಂದಿನ ತಿಂಗಳು ಆಚೆ ದಂಡೆಯವರು. ಪುಸ್ತಕ ಒಂದೇ. ಅದು ದೋಣಿಯಲ್ಲಿ ನದಿ ದಾಟುತ್ತಿರುತ್ತದೆ.